ಎಲ್ಲಿಗೂ ಹೋಗದ ಸೈಕಲ್: ಗಾಣದಿಂದ ಹೋಮ್ ಟ್ರೈನರ್‌ವರೆಗೆ

ಇವತ್ತಿನ ಕಥೆ ನಮ್ಮನೆ ಪಡಸಾಲೆಯಿಂದ ಶುರುವಾಗುತ್ತೆ.

ಹಾನಗಲ್ ತಾಲೂಕಿನ ನಮ್ಮೂರು ಮಲೆನಾಡಿನ ಸೆರಗಿನಲ್ಲಿದೆ. ಮಳೆ ಹಿಡಿದರೆ ಬೇಗ ಬಿಡಲ್ಲ. ನಮ್ಮವ್ವನಿಗೆ ಶುಗರ್ ಬಂದಾಗ ಡಾಕ್ಟರು ದಿನಾ ನಡೀರಿ ಅಂದ್ರು. ಒಂದು ಕಡೆ ಕೆಸರು, ಇನ್ನೊಂದು ಕಡೆ ಮೊಣಕಾಲು ನೋವು. ನಡಿಗೆ ನಿಂತೇ ಹೋಯ್ತು. ನಾನು ಬೆಂಗಳೂರಿಂದ ಒಂದು ಸೈಕಲ್ ಟ್ರೈನರ್ ಒಯ್ದೆ. ಸೈಕಲ್ಲಿನ ಹಿಂದಿನ ಚಕ್ರವನ್ನ ನೆಲದಿಂದ ಎತ್ತಿ ಹಿಡಿಯೋ ಕಬ್ಬಿಣದ ಸ್ಟ್ಯಾಂಡ್ ಅದು. ತುಳಿದ್ರೆ ಚಕ್ರ ತಿರುಗುತ್ತೆ, ಸೈಕಲ್ ಮಾತ್ರ ಇದ್ದಲ್ಲೇ ಇರುತ್ತೆ. ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ತಂಗಿಯ ಸ್ಕೂಲ್ ಸೈಕಲ್ ತೊಳೆದು ಅದಕ್ಕೆ ಕೂರಿಸಿ ಬಂದೆ.

ತಿಂಗಳು ಬಿಟ್ಟು ಹೋಗಿ ನೋಡಿದ್ರೆ ಹ್ಯಾಂಡಲ್ ಮೇಲೆ ಸೀರೆ, ಕ್ಯಾರಿಯರ್ ಮೇಲೆ ಟವೆಲ್ಲು. ಕೇಳಿದ್ದಕ್ಕೆ ಅವ್ವ ಅಂದಳು: "ಎಲ್ಲಿಗೂ ಹೋಗದ ಸೈಕಲ್ಲು ಯಾಕ ತುಳೀಬೇಕೋ ತಮ್ಮಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದೆ. ಆಗ ಸಿಕ್ಕ ಇತಿಹಾಸವೇ ಇವತ್ತಿನ ಎಪಿಸೋಡ್.

ನಿಂತಲ್ಲೇ ಬೆವರು ಸುರಿಸೋದು ನಮಗೇನು ಹೊಸದಲ್ಲ. ಗಾಣದ ಎತ್ತು ದಿನವಿಡೀ ನಡೆದೂ ಊರು ಬಿಡ್ತಿರಲಿಲ್ಲ. ಚಾಕು, ಕತ್ತರಿಗೆ ಸಾಣೆ ಹಿಡಿಯೋರು ಬೀದಿಗೆ ಬಂದು, ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಮೇಲೆ ಕೂತು ಪೆಡಲ್ ತುಳೀತಿದ್ರು. ಸೈಕಲ್ ಕದಲ್ತಿರಲಿಲ್ಲ, ಸಾಣೆಕಲ್ಲು ತಿರುಗ್ತಿತ್ತು, ಕಿಡಿ ಹಾರ್ತಿತ್ತು. ಇನ್ನು ಗರಡಿಮನೆ. ನಾಲ್ಕು ಗೋಡೆ ನಡುವೆ ಸಾಮು, ಬಸ್ಕಿ, ತಾಲೀಮು. ಆದ್ರೆ ಗಮನಿಸಿ, ಇವರಿಗೆಲ್ಲ ಒಂದೊಂದು ಕಾರಣ ಇತ್ತು. ಗಾಣದಿಂದ ಎಣ್ಣೆ ಬರ್ತಿತ್ತು. ಸಾಣೆಯಿಂದ ಕಾಸು ಬರ್ತಿತ್ತು. ಗರಡಿಯಲ್ಲಿ ಎದುರಿಗೆ ಉಸ್ತಾದ್ ನಿಂತಿರ್ತಿದ್ರು, ಮುಂದೆ ಜಾತ್ರೆ ಕುಸ್ತಿ ಇರ್ತಿತ್ತು.

ಈಗ ಸ್ವಲ್ಪ ಹೊರಗಿನ ಲೋಕ ನೋಡೋಣ. 1796ರಲ್ಲಿ ಲಂಡನ್‌ನ ಫ್ರಾನ್ಸಿಸ್ ಲೌಂಡ್ಸ್ ಅನ್ನೋರು 'ಜಿಮ್ನಾಸ್ಟಿಕಾನ್' ಅನ್ನೋ ಯಂತ್ರಕ್ಕೆ ಪೇಟೆಂಟ್ ಪಡೆದ್ರು. ಮರದ ಚೌಕಟ್ಟು, ಕಾಲಿಂದ ತುಳಿಯೋಕೆ ಹಲಗೆ, ಕೈಯಿಂದ ತಿರುಗಿಸೋಕೆ ಹಿಡಿಕೆ. ಕೀಲು ನೋವಿನ ರೋಗಿಗಳು ಮನೆಯೊಳಗೇ ಕೈಕಾಲು ಆಡಿಸಲಿ ಅಂತ ಮಾಡಿದ್ದು. ಸೈಕಲ್ಲಿನ ಮೂಲರೂಪ ಅನ್ನೋ ಕಾರ್ಲ್ ಡ್ರೈಸ್ ಅವರ ಎರಡು ಚಕ್ರದ ಗಾಡಿ ಬಂದಿದ್ದು 1817ರಲ್ಲಿ. ಅಂದ್ರೆ ಓಡೋ ಸೈಕಲ್ಲಿಗಿಂತ ಓಡದ ಸೈಕಲ್ಲೇ ಹಿರಿಯ!

ನೂರು ವರ್ಷದ ನಂತರ ಅದು ನಾಟಕದ ರಂಗ ಹತ್ತಿತು. ಅಮೆರಿಕದ ಕಪ್ಪು ಜನಾಂಗದ ಸೈಕಲ್ ವೀರ ಮೇಜರ್ ಟೇಲರ್ 1899ರಲ್ಲಿ ವಿಶ್ವ ಚಾಂಪಿಯನ್ ಆದ್ರು. ಅದೇ ವರ್ಷ ಚಾರ್ಲ್ಸ್ ಮರ್ಫಿ ರೈಲಿನ ಹಿಂದೆ ಸೈಕಲ್ ತುಳಿದು ಒಂದು ಮೈಲಿಯನ್ನ 57.8 ಸೆಕೆಂಡಿನಲ್ಲಿ ಮುಗಿಸಿದ್ರು. ಆಮೇಲೆ ಇಬ್ಬರೂ ಥಿಯೇಟರ್ ವೇದಿಕೆ ಮೇಲೆ ಉರುಳೆಗಳ ಮೇಲೆ ಸೈಕಲ್ ಇಟ್ಟು ಪೈಪೋಟಿಗಿಳಿದ್ರು. ಇಬ್ಬರೂ ಒಂದಿಂಚು ಮುಂದೆ ಹೋಗ್ತಿರಲಿಲ್ಲ. ಜನ ಮಾತ್ರ ಟಿಕೆಟ್ ತಗೊಂಡು ಬಂದು ಕೂಗ್ತಿದ್ರು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಜಿಮ್‌ನಲ್ಲೂ ಇಂಥ ಸೈಕಲ್ ಇದ್ದವು. ಎಷ್ಟು ದೂರ 'ಹೋದ್ರಿ' ಅಂತ ತೋರಿಸೋಕೆ ಎದುರಿಗೆ ದೊಡ್ಡ ಮುಳ್ಳಿನ ಡಯಲ್ ಇತ್ತು.

ಮುಂದಿನ ವರ್ಷ, 1913ರಲ್ಲಿ, ಡೆನ್ಮಾರ್ಕ್‌ನ ವಿಜ್ಞಾನಿ ಆಗಸ್ಟ್ ಕ್ರೋಗ್ ಪ್ರಯೋಗಾಲಯಕ್ಕೊಂದು ಸೈಕಲ್ ಮಾಡಿದ್ರು. ತಾಮ್ರದ ತಟ್ಟೆ ತಿರುಗುವಾಗ ವಿದ್ಯುತ್ ಅಯಸ್ಕಾಂತ ಅದನ್ನ ಮುಟ್ಟದೆಯೇ ಹಿಂದಕ್ಕೆಳೆಯುತ್ತೆ. ತುಳಿಯೋನಿಗೆ ಗುಡ್ಡ ಹತ್ತಿದಂಗೆ ಬಿಗಿ ಅನ್ಸುತ್ತೆ. ಮನುಷ್ಯ ಎಷ್ಟು ಶಕ್ತಿ ಹಾಕಿದ, ಎಷ್ಟು ಉಸಿರು ತಗೊಂಡ ಅಂತ ಅಳೆಯೋಕೆ ಈ ಉಪಾಯ. ಇವತ್ತು ಅಂಗಡಿಯಲ್ಲಿ ಸಿಗೋ ಮ್ಯಾಗ್ನೆಟಿಕ್ ಟ್ರೈನರ್ ಒಳಗಿರೋದೂ ಇದೇ ತತ್ವ. ಕ್ರೋಗ್‌ಗೆ 1920ರಲ್ಲಿ ನೊಬೆಲ್ ಬಂತು. ಅವರ ಹೆಂಡತಿ ಮೇರಿ ಸ್ವತಃ ವೈದ್ಯೆ. ಅವರಿಗೂ ಶುಗರ್ ಇತ್ತು. ದಂಪತಿ ಅಮೆರಿಕದ ಕಡೆ ಹೋದಾಗ, ಕೆನಡಾದಲ್ಲಿ ಹೊಸದಾಗಿ ಸಿಕ್ಕಿದ್ದ ಇನ್ಸುಲಿನ್ ವಿಷಯ ಕಿವಿಗೆ ಬಿತ್ತು. 1923ರ ಹೊತ್ತಿಗೆ ಕ್ರೋಗ್ ಮತ್ತವರ ಜೊತೆಗಾರರು ಡೆನ್ಮಾರ್ಕ್‌ನಲ್ಲೇ ಇನ್ಸುಲಿನ್ ಮಾಡೋ ಸಂಸ್ಥೆ ಕಟ್ಟಿದ್ರು. ನಮ್ಮವ್ವನ ಟ್ರೈನರ್ ಮತ್ತು ಶುಗರ್ ಔಷಧಿ, ಎರಡರ ಕಥೆಯೂ ಒಂದೇ ಮನೆಯ ಹೊಸ್ತಿಲು ದಾಟಿ ಬಂದಿದೆ.

1980ರ ದಶಕದಲ್ಲಿ ಅಮೆರಿಕದ ಕಂಪ್ಯುಟ್ರೈನರ್ ಇದನ್ನ ನಿಂಟೆಂಡೊ ವಿಡಿಯೋ ಗೇಮಿಗೆ ಜೋಡಿಸ್ತು. 2014ರಲ್ಲಿ ಜ್ವಿಫ್ಟ್ ಬಂತು. ನೀವು ಕೋಣೆಯಲ್ಲಿ ತುಳಿದ್ರೆ ಪರದೆ ಮೇಲೆ ನಿಮ್ಮ ಗೊಂಬೆ ಊರೂರು ಸುತ್ತುತ್ತೆ, ಪಕ್ಕದಲ್ಲಿ ಇನ್ನೊಂದು ದೇಶದವರು ಬರ್ತಾರೆ.

ನಮ್ಮ ಕಡೆ ಕಥೆ ಬೇರೆ. ಇಲ್ಲಿ ಸೈಕಲ್ ಅಂದ್ರೆ ಹೋಗೋದು. ಅಟ್ಲಾಸ್ 1951ರಲ್ಲಿ, ಹೀರೋ 1956ರಲ್ಲಿ ಶುರುವಾದ್ವು. ಸೈಕಲ್ ಹಾಲು ಹೊತ್ತಿತು, ಅಂಚೆ ಹೊತ್ತಿತು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ತಂತು. ಹೈಸ್ಕೂಲು ಇಲ್ಲದ ಊರಿನ ಹುಡುಗಿಯರಿಗೆ ಅದು ಬರೀ ಸೈಕಲ್ ಆಗಿರಲಿಲ್ಲ, ಓದು ಮುಂದುವರಿಸೋ ದಾರಿ ಆಗಿತ್ತು. ನನ್ನ ತಂಗಿ ಓದಿದ್ದೂ ಅದರ ಮೇಲೇ.

ಆಮೇಲೆ ಬಂತು 2020. ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದ್‌ನ ಅಟ್ಲಾಸ್ ಕಾರ್ಖಾನೆ ಬಾಗಿಲು ಹಾಕ್ತು. ಕೋವಿಡ್ ಹೊತ್ತಲ್ಲಿ ಶಾಲೆ ಮಕ್ಕಳಿಗೆ ಸೈಕಲ್ ಹಂಚೋದೂ ನಿಂತಿತು. ಅದೇ ವರ್ಷ ಡಿಸೆಂಬರ್ 9ಕ್ಕೆ ಮನೆಯೊಳಗಿನ ಸೈಕಲ್ಲಿಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೀತು. ಗೆದ್ದ ಜರ್ಮನಿಯ ಜೇಸನ್ ಓಸ್ಬೋರ್ನ್ ಮೂಲತಃ ದೋಣಿ ಸ್ಪರ್ಧೆಯ ಆಟಗಾರ! ಓಡೋ ಸೈಕಲ್ ಸೋತ ವರ್ಷವೇ ನಿಂತ ಸೈಕಲ್ ಗೆದ್ದಿತು.

ಇಷ್ಟೆಲ್ಲ ಓದಿದ ಮೇಲೆ ಒಂದು ಹೊಳೀತು. ಓಡೋ ಸೈಕಲ್ಲಿಗೆ ಕಾರಣ ತಾನಾಗೇ ಇರುತ್ತೆ: ಶಾಲೆ, ಸಂತೆ, ಹೊಲ. ನಿಂತ ಸೈಕಲ್ಲಿಗೆ ಕಾರಣವನ್ನ ನಾವೇ ಕೊಡಬೇಕು. ಇಷ್ಟು ವರ್ಷವೂ ಜನ ಮಾಡಿದ್ದು ಅದನ್ನೇ. ಒಬ್ಬರು ಡಯಲ್ ಇಟ್ಟರು, ಒಬ್ಬರು ಪ್ರೇಕ್ಷಕರನ್ನ ಕೂರಿಸಿದ್ರು, ಒಬ್ಬರು ಗೇಮ್ ಜೋಡಿಸಿದ್ರು. ನಾನು ಯಂತ್ರ ಒಯ್ದಿದ್ದೆ, ಕಾರಣ ಒಯ್ದಿರಲಿಲ್ಲ.

ನೀವೂ ತಗೋಬೇಕು ಅಂತಿದ್ರೆ ಕೆಲವು ಮಾತು. ಉರುಳೆ ಮೇಲೆ ಸೈಕಲ್ ಬಿಡೋ ರೋಲರ್‌ಗೆ ಬ್ಯಾಲೆನ್ಸ್ ಬೇಕು, ಮನೆಯ ಹಿರಿಯರಿಗೆ ಬೇಡ. ಹಿಂದಿನ ಚಕ್ರ ಬಿಚ್ಚಿ ಕೂರಿಸೋ ಸ್ಮಾರ್ಟ್ ಟ್ರೈನರ್ ಬೆಲೆ ಅರ್ಧ ಲಕ್ಷ ದಾಟೋದು ಸಾಮಾನ್ಯ. ಹೆಚ್ಚಿನವಕ್ಕೆ ಕರೆಂಟ್ ಬೇಕು, ಗೇರ್ ಇರೋ ಸೈಕಲ್ಲೂ ಬೇಕು. ಕರೆಂಟ್ ಕೈಕೊಡೋ ಊರಿಗೆ, ಗೇರ್ ಇಲ್ಲದ ಸ್ಕೂಲ್ ಸೈಕಲ್ಲಿಗೆ, ಟಯರ್ ಒತ್ತಿ ಹಿಡಿಯೋ ಸಾದಾ ಮ್ಯಾಗ್ನೆಟಿಕ್ ಟ್ರೈನರ್ ಸಾಕು. ಕೊಳ್ಳೋ ಮುಂಚೆ ಚಕ್ರದ ಅಳತೆ ನೋಡಿ. ಈ ಸೈಕಲ್ಲಿನ ಹಿಂದಿನ ಚಕ್ರಕ್ಕೆ ನಟ್ ಇರುತ್ತೆ. ಟ್ರೈನರ್ ಹಿಡಿತಕ್ಕೆ ಕೂರೋ ಬೇರೆ ನಟ್ ಬೇಕಾಗಬಹುದು. ಸೈಕಲ್ಲಿನ ಸ್ವಂತ ಸ್ಟ್ಯಾಂಡ್ ಬಿಚ್ಚಬೇಕಾಗುತ್ತೆ. ಟಯರ್ ನುಣುಪಾಗಿದ್ದಷ್ಟೂ ಸದ್ದು ಕಡಿಮೆ. ಮುಂದಿನ ಚಕ್ರದ ಕೆಳಗೆ ಒಂದು ಹಲಗೆ ಇಟ್ಟು ಸಮ ಮಾಡಿ. ಎದುರಿಗೆ ಫ್ಯಾನ್ ಇರಲಿ. ದಾರಿಯಲ್ಲಿ ಗಾಳಿ ತಾನಾಗೇ ಬಡಿಯುತ್ತೆ, ಕೋಣೆಯಲ್ಲಿ ಬಡಿಯಲ್ಲ. ಮೊದಲ ವಾರ ಹತ್ತು ನಿಮಿಷ ಸಾಕು, ಮಾತಾಡ್ತಾ ತುಳಿಯುವಷ್ಟೇ ವೇಗ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನ ಕೇಳಿಯೇ ಶುರು ಮಾಡಿ. ಕೈಗೆ ಸಿಗೋ ಹಾಗೆ ಏನಾದ್ರೂ ಸಿಹಿ ಇಟ್ಕೊಳ್ಳಿ.

ಕಾರಣದ ಮಾತಿಗೆ ಬರ್ತೀನಿ. ಅವ್ವನ ತವರು ಹಿರೇಕೆರೂರು. ತಂಗಿಯನ್ನ ಕೊಟ್ಟಿರೋದು ಸವಣೂರಿಗೆ. ಚಿಕ್ಕಪ್ಪ ಇರೋದು ಶಿಗ್ಗಾವಿಯಲ್ಲಿ. ಹಿಂದಿನ ಚಕ್ರಕ್ಕೆ ಒಂದು ಸಣ್ಣ ಕಿಲೋಮೀಟರ್ ಮೀಟರ್ ಕಟ್ಟಿದೆ. ಗೋಡೆಯ ಕ್ಯಾಲೆಂಡರ್ ಪಕ್ಕ ಊರುಗಳ ಹೆಸರು ಬರೆದೆ. ದಿನಾ ಸಂಜೆ ಫೋನ್ ಮಾಡ್ತೀನಿ, ಅವ್ವ ತುಳೀತಾ ಮಾತಾಡ್ತಾಳೆ. ಮೊದಲು ಎರಡೇ ಕಿಲೋಮೀಟರ್. ಆಮೇಲೆ ಅಕ್ಕಿಆಲೂರು ದಾಟಿದಳು. ಹಂಸಭಾವಿ ದಾಟಿದ ದಿನ ಅವಳೇ ನನಗೆ ಫೋನ್ ಮಾಡಿದಳು.

ಹಿರೇಕೆರೂರು 'ಮುಟ್ಟಿದ' ಸಂಜೆ ಕೇಳಿದೆ, "ತವರಿಗೆ ಹೋಗಿ ಬಂದ್ಯಾ ಅವ್ವಾ?"

"ಬಂದೆ. ನಾಳೆಯಿಂದ ಸವಣೂರಿಗೆ ಹೊರಡಬೇಕು. ಮಗಳು ದಾರಿ ನೋಡ್ತಿರ್ತಾಳ," ಅಂದಳು.

ನಿಮ್ಮನೆ ಮೂಲೆಯಲ್ಲೂ ಒಂದು ಹಳೇ ಸೈಕಲ್ ಇರಬಹುದು. ಅದರ ಮೇಲಿನ ಬಟ್ಟೆ ತೆಗೆಯೋ ಮುಂಚೆ, ಯಾವ ಊರಿಗೆ ಹೋಗಬೇಕು ಅಂತ ಮನೆಯವರನ್ನ ಕೇಳಿ.