ಫ್ರಾನ್ಸಿನ ದ್ರಾಕ್ಷಿತೋಟಗಳ ಪುನರುಜ್ಜೀವನ: ಒಂದು ವಿವೇಚನೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಫಿಲಾಕ್ಸೆರ ಎಂಬ ಕೀಟವು ಹಾಳುಗೆಡವಿದ ವೃತ್ತಾಂತವನ್ನು ವಿಜ್ಞಾನದ ವಿಜಯವೆಂದು ವರ್ಣಿಸುವುದು ರೂಢಿಯಾಗಿದೆ. ಈ ವರ್ಣನೆ ಸುಳ್ಳಲ್ಲ, ಆದರೆ ಅಪೂರ್ಣ. ಸಣ್ಣ ರೈತನ ದೃಷ್ಟಿಯಿಂದ ನೋಡಿದರೆ, ರೋಗದಷ್ಟೇ ಅದರ ಪರಿಹಾರವೂ ಅವನ ಜೀವನಕ್ರಮವನ್ನು ಮಾರ್ಪಡಿಸಿತೆಂಬುದು ನಮ್ಮ ಅಭಿಪ್ರಾಯ.

1863ರ ಸುಮಾರಿಗೆ ರೋನ್ ನದಿಯ ಕೆಳಕಣಿವೆಯಲ್ಲಿ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. ಸತ್ತ ಬಳ್ಳಿಯ ಬೇರಿನಲ್ಲಿ ಕೀಟ ಕಾಣುತ್ತಿರಲಿಲ್ಲ. ಅದು ಆಗಲೇ ಪಕ್ಕದ ಹಸಿರು ಬಳ್ಳಿಗೆ ಸಾಗಿರುತ್ತಿತ್ತು. 1868ರಲ್ಲಿ ಮೊಂಪೆಲಿಯೆಯ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್ ಮತ್ತು ಅವನ ಸಂಗಡಿಗರು ಜೀವಂತ ಬಳ್ಳಿಗಳನ್ನು ಅಗೆದು ನೋಡಿದಾಗಲೇ ಅಮೆರಿಕದಿಂದ ಬಂದ ಈ ಶತ್ರುವಿನ ಪತ್ತೆಯಾಯಿತು.

ಸರ್ಕಾರವು 1874ರಲ್ಲಿ ಮೂರು ಲಕ್ಷ ಫ್ರಾಂಕುಗಳ ಬಹುಮಾನವನ್ನು ಸಾರಿತು. ಅದು ಯಾರಿಗೂ ಸಲ್ಲಲಿಲ್ಲ. ಚಳಿಗಾಲದಲ್ಲಿ ತೋಟವನ್ನು ವಾರಗಟ್ಟಲೆ ನೀರಿನಲ್ಲಿ ಮುಳುಗಿಸಿದರೆ ಕೀಟ ಸಾಯುತ್ತಿತ್ತು. ಆದರೆ ಅದಕ್ಕೆ ಸಮತಟ್ಟಾದ ನೆಲವೂ ಹೇರಳವಾದ ನೀರೂ ಬೇಕು. ಕಡಲಂಚಿನ ಮರಳಿನಲ್ಲಿ ಕೀಟ ಹಬ್ಬುತ್ತಿರಲಿಲ್ಲ. ಎಲ್ಲರ ಹೊಲವೂ ಮರಳಲ್ಲವಷ್ಟೆ. ಕಾರ್ಬನ್ ಡೈಸಲ್ಫೈಡನ್ನು ಮಣ್ಣಿಗೆ ಚುಚ್ಚಿ ಇಳಿಸುವ ವಿಧಾನ ಅಪಾಯಕರವಾಗಿತ್ತು, ಮತ್ತೆ ಮತ್ತೆ ಮಾಡಬೇಕಾಗಿತ್ತು. ಬೆಲೆಬಾಳುವ ಮದ್ಯ ತಯಾರಿಸುವ ತೋಟಗಳಿಗೆ ಮಾತ್ರ ಆ ವೆಚ್ಚ ನಿಲುಕುತ್ತಿತ್ತು.

ಕಡೆಗೆ ಫಲಿಸಿದ ಉಪಾಯ ಕಸಿ. ಕೀಟವನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬಳ್ಳಿಯ ಬೇರಿಗೆ ಫ್ರೆಂಚ್ ಬಳ್ಳಿಯ ಕಡ್ಡಿಯನ್ನು ಕಟ್ಟುವುದೇ ಈ ಕ್ರಮ. ಆದರೆ ಕೋನ್ಯಾಕ್ ಪ್ರಾಂತದ ಸುಣ್ಣದ ನೆಲದಲ್ಲಿ ಅನೇಕ ಅಮೆರಿಕನ್ ಬೇರುಗಳ ಮೇಲಿನ ಎಲೆಗಳು ಹಳದಿಯಾಗಿ ಸೊರಗಿದವು. ಅದಕ್ಕೆ ತಕ್ಕ ಜಾತಿಯನ್ನು ಅರಸಿ ಪಿಯೆರ್ ವಿಯಾಲಾ 1887ರಲ್ಲಿ ಅಮೆರಿಕಕ್ಕೆ ತೆರಳಬೇಕಾಯಿತು. ಟೆಕ್ಸಾಸಿನ ಸುಣ್ಣನೆಲದಲ್ಲಿ ದೊರೆತ ಬರ್ಲಾಂಡಿಯೆರಿ ಜಾತಿ ಸುಲಭವಾಗಿ ಬೇರೂರದ ಕಾರಣ, ಅದನ್ನು ಬೇರೆ ಜಾತಿಗಳೊಡನೆ ಸಂಕರಗೊಳಿಸಬೇಕಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹಿಂದೆ ರೈತನು ಕೊಂಬೆಯೊಂದನ್ನು ಬಗ್ಗಿಸಿ ಮಣ್ಣಿನಲ್ಲಿ ಹೂಳಿ, ಹಣ ಖರ್ಚಿಲ್ಲದೆ ಹೊಸ ಬಳ್ಳಿಯನ್ನು ಪಡೆಯುತ್ತಿದ್ದನು. ಕಸಿಮಾಡಿದ ಬಳ್ಳಿಯ ಕೊಂಬೆಯನ್ನು ಹಾಗೆ ಹೂಳಿದರೆ ಅದು ತನ್ನದೇ ಬೇರು ಬಿಟ್ಟು ಮತ್ತೆ ಕೀಟಕ್ಕೆ ತುತ್ತಾಗುತ್ತದೆ. ಹೀಗಾಗಿ ಸಸಿಯನ್ನು ಕೊಳ್ಳುವುದು, ಕಸಿಯನ್ನು ಕಲಿಯುವುದು, ಫಸಲಿಗಾಗಿ ವರ್ಷಗಟ್ಟಲೆ ಕಾಯುವುದು ಅನಿವಾರ್ಯವಾಯಿತು. ಬೂದಿರೋಗಕ್ಕೆ ಗಂಧಕವನ್ನೂ, 1885ರಿಂದ ಪ್ರಚಾರಕ್ಕೆ ಬಂದ ಮೈಲುತುತ್ತ-ಸುಣ್ಣದ ದ್ರಾವಣವನ್ನೂ ಸಿಂಪಡಿಸುವ ಖರ್ಚು ಇದರೊಡನೆ ಸೇರಿತು.

1875ರಲ್ಲಿ ಸುಮಾರು 8 ಕೋಟಿ 40 ಲಕ್ಷ ಹೆಕ್ಟೊಲೀಟರಿನಷ್ಟಿದ್ದ ಮದ್ಯೋತ್ಪಾದನೆ 1889ರಲ್ಲಿ ಸುಮಾರು 2 ಕೋಟಿ 30 ಲಕ್ಷಕ್ಕೆ ಇಳಿದು, ಬಳಿಕ ಚೇತರಿಸಿಕೊಂಡಿತು. ಆದರೆ ಬಂಡವಾಳ ಹೂಡಿದವರು ಹೆಚ್ಚು ಇಳುವರಿಯನ್ನೇ ನಚ್ಚಿದರು. ಲಾಂಗೆಡಾಕ್ ಬಯಲಿನಲ್ಲಿ ಮದ್ಯ ತುಂಬಿ ತುಳುಕಿತು, ಬೆಲೆ ಕುಸಿಯಿತು. 1907ರಲ್ಲಿ ಅಲ್ಲಿನ ಬೆಳೆಗಾರರು ಲಕ್ಷಗಟ್ಟಲೆ ಜನರಾಗಿ ಬೀದಿಗಿಳಿದುದಕ್ಕೆ ಈ ಬೆಲೆಕುಸಿತವೇ ಮುಖ್ಯ ಕಾರಣ.

ಬಳ್ಳಿ ಉಳಿಯಿತೆಂಬುದು ನಿಜ. ಆದರೆ ಅದನ್ನು ಉಳಿಸಿದ ಖರ್ಚನ್ನು ಯಾರು ಹೊತ್ತರೆಂಬ ಪ್ರಶ್ನೆಯನ್ನು ಕೈಬಿಟ್ಟರೆ ಕೃಷಿಯ ಇತಿಹಾಸ ಪೂರ್ಣವಾಗದು.