ಸಲೂನು ಮ್ಯೂಸಿಯಂ ಸೇರಿತು, ಪಾಸು ಉಳಿಯಿತು

ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ 1979ರಲ್ಲಿ ಶುರುವಾದ ರೈಲ್ವೆ ವಸ್ತುಸಂಗ್ರಹಾಲಯದ ದೊಡ್ಡ ಆಕರ್ಷಣೆ 1899ರ ಕಾಲದ ಮಹಾರಾಣಿ ಸಲೂನು. ಪಯಣದ ನಡುವೆಯೂ ಅರಮನೆಯ ದಿನಚರಿಗೆ ಭಂಗ ಬರಬಾರದೆಂದು ಅಡುಗೆ, ಊಟ, ಶೌಚ ಎಲ್ಲಕ್ಕೂ ಪ್ರತ್ಯೇಕ ಏರ್ಪಾಡು ಮಾಡಿಕೊಂಡ ಬೋಗಿಗಳವು. ಮೈಸೂರಿನ ರೈಲಿನ ವೈಭವವೆಂದರೆ ಇದೇ ಎಂದು ನೋಡಿದವರು ಅಂದುಕೊಳ್ಳುವುದು ಸಹಜ. ಆದರೆ ಈ ಊರಿನ ಚರಿತ್ರೆಯನ್ನು ನಿಜಕ್ಕೂ ತಿದ್ದಿದ ರೈಲ್ವೆ ಸವಲತ್ತು ಸಲೂನಲ್ಲ, ಜೇಬಿನಲ್ಲಿ ಮಡಿಸಿಟ್ಟುಕೊಳ್ಳುವ ಒಂದು ತುಂಡು ಕಾಗದ: ಸೀಸನ್ ಟಿಕೆಟ್, ಜನರ ಬಾಯಲ್ಲಿ ಬರೀ ‘ಪಾಸು’. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಓಡಾಡುವವರಿಗೆ ಸಾರಿಗೆ ಸಂಸ್ಥೆಯೊಂದು ಏನು ಕೊಡಬೇಕು, ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಮೈಸೂರು–ಬೆಂಗಳೂರು ಹಳಿ ಒಳ್ಳೆಯ ಉತ್ತರ ಕೊಟ್ಟಿದೆ. ಆ ಉತ್ತರವನ್ನು ನಾವು ಗಮನಿಸದೆ ಕಳೆದುಕೊಳ್ಳುತ್ತಿದ್ದೇವೆ ಎಂಬುದು ಈ ಲೇಖನದ ವಾದ.

ಈ ಎರಡು ಊರುಗಳ ನಡುವೆ ಇಷ್ಟೊಂದು ಓಡಾಟ ಏಕೆ ಬೇಕಾಯಿತು ಎಂಬುದಕ್ಕೆ ಕಾರಣ ರೈಲಿಗಿಂತ ಹಳೆಯದು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಬ್ರಿಟಿಷರು ಕಿತ್ತುಕೊಂಡ ಮೇಲೆ ಕಮಿಷನರ ಕಚೇರಿ ಬೆಂಗಳೂರಿನಲ್ಲಿ ನೆಲೆಗೊಂಡಿತು. ಅರಸರು ಮೈಸೂರಿನಲ್ಲೇ ಉಳಿದರು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದರೂ ಕಚೇರಿಗಳು ಮರಳಲಿಲ್ಲ. ಸಿಂಹಾಸನ ಒಂದೂರಿನಲ್ಲಿ, ಕಡತ ಇನ್ನೊಂದೂರಿನಲ್ಲಿ. ದಸರಾ ದರ್ಬಾರಿಗೆ ಅಧಿಕಾರಿಗಳು ಇಲ್ಲಿಗೆ ಬರಬೇಕು, ಹೈಕೋರ್ಟಿನ ಕೆಲಸಕ್ಕೆ ಇಲ್ಲಿಯವರು ಅಲ್ಲಿಗೆ ಹೋಗಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗಲೂ ಇದೇ ಕತೆ: ಮಹಾರಾಜಾ ಕಾಲೇಜು ಇಲ್ಲಿ, ಅದೇ ವಿಶ್ವವಿದ್ಯಾನಿಲಯದ ಸೆಂಟ್ರಲ್ ಕಾಲೇಜು ಅಲ್ಲಿ. ಹೀಗೆ ರಾಜ್ಯದ ರಚನೆಯೇ ಪದೇ ಪದೇ ಪ್ರಯಾಣ ಮಾಡುವ ಒಂದು ವರ್ಗವನ್ನು ಸೃಷ್ಟಿಸಿತ್ತು. 1876–78ರ ಭೀಕರ ಬರದ ನಂತರ ರೈಲು ದಾರಿಯ ಕೆಲಸಕ್ಕೆ ಒತ್ತು ಸಿಕ್ಕಿ, 1882ರಲ್ಲಿ ಮೀಟರ್ ಗೇಜ್ ಹಳಿ ಮೈಸೂರನ್ನು ಮುಟ್ಟಿದಾಗ ಆ ವರ್ಗಕ್ಕೆ ವಾಹನ ಸಿಕ್ಕಿತು.

ಮೊದಲ ದಶಕಗಳಲ್ಲಿ ರೈಲು ತನ್ನ ಪ್ರಯಾಣಿಕರನ್ನು ಅಳೆದದ್ದು ಅವರು ಎಷ್ಟು ಸಲ ಬಂದರು ಎಂಬುದರಿಂದಲ್ಲ, ಅವರು ಯಾರು ಎಂಬುದರಿಂದ. ಅರಮನೆಯವರಿಗೆ ಸಲೂನು, ದೊರೆಗಳಿಗೆ ಮೊದಲ ದರ್ಜೆ, ಉಳಿದವರಿಗೆ ಮೂರನೇ ದರ್ಜೆ. ನಿಲ್ದಾಣದಲ್ಲಿ ಇಳಿದ ಮೇಲೂ ಅದೇ ಏಣಿ ಮುಂದುವರಿಯುತ್ತಿತ್ತು. ಐರೋಪ್ಯ ಅತಿಥಿಗಳಿಗೆಂದು 1920ರ ಸುಮಾರಿಗೆ ಮೆಟ್ರೋಪೋಲ್ ಕಟ್ಟಡ ಎದ್ದಿತು. ವೈಸರಾಯರ ವಾಸ್ತವ್ಯಕ್ಕೆ 1921ರಲ್ಲಿ ಲಲಿತಮಹಲಿನ ಕೆಲಸ ಆರಂಭವಾಯಿತು. ಸಾಮಾನ್ಯ ಯಾತ್ರಿಕನಿಗೆ ಛತ್ರ. ಅತಿಥಿ ಸತ್ಕಾರದಲ್ಲಿ ಮೈಸೂರು ಕೊರತೆ ಮಾಡಲಿಲ್ಲ, ಆದರೆ ಸತ್ಕಾರದ ಅಳತೆ ಹುಟ್ಟು ಮತ್ತು ಹುದ್ದೆಯಾಗಿತ್ತು. ಸಾವಿರ ಸಲ ಓಡಾಡಿದ ಗುಮಾಸ್ತನೂ ಮೂರನೇ ದರ್ಜೆಯವನೇ. ಮೂರನೇ ದರ್ಜೆ ಎಂಬ ಹೆಸರು ಭಾರತದ ರೈಲುಗಳಿಂದ ಹೋದದ್ದು 1974ರಲ್ಲಿ. ಅದೇ ವರ್ಷ ಲಲಿತಮಹಲು ದುಡ್ಡು ಕೊಟ್ಟ ಯಾರೇ ಆದರೂ ಉಳಿಯಬಹುದಾದ ಹೋಟೆಲಾಯಿತು.

ಸೀಸನ್ ಟಿಕೆಟ್ಟು ಈ ಅಳತೆಯನ್ನೇ ತಿರುವಿಹಾಕಿತು. ಇಂಗ್ಲೆಂಡಿನ ರೈಲುಗಳಲ್ಲಿ 19ನೇ ಶತಮಾನದ ನಡುವಿಗೇ ರೂಢಿಯಲ್ಲಿದ್ದ ಈ ಪದ್ಧತಿ ಭಾರತದ ರೈಲ್ವೆಯಲ್ಲಿ ನೆಲೆಯೂರಿದ ಬಗೆಯೇ ಬೇರೆ. ನಿಯಮ ಸರಳ: ಎರಡು ನಿಲ್ದಾಣಗಳ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಅವಧಿ. ತಿಂಗಳ ಪಾಸಿನ 2.7 ಪಟ್ಟು ಕಟ್ಟಿದರೆ ಮೂರು ತಿಂಗಳು, 5.4 ಪಟ್ಟಿಗೆ ಆರು ತಿಂಗಳು, 10.8 ಪಟ್ಟಿಗೆ ಇಡೀ ವರ್ಷ. ಅವಧಿ ಮುಗಿಯುವ 10 ದಿನ ಮೊದಲೇ ಹೊಸದು ಮಾಡಿಸಿಕೊಳ್ಳಬಹುದು. ಎಷ್ಟು ಸಲ ಹೋದೆ, ಬಂದೆ ಎಂದು ಯಾರೂ ಕೇಳುವುದಿಲ್ಲ. ಸಾಮಾನ್ಯ ನಿಯಮದಂತೆ ಪಾಸಿನ ಗರಿಷ್ಠ ದೂರ 150 ಕಿ.ಮೀ.; ಮೈಸೂರಿನಿಂದ ಬೆಂಗಳೂರಿಗೆ ರೈಲು ದಾರಿ ಸುಮಾರು 139 ಕಿ.ಮೀ. ಹನ್ನೊಂದು ಕಿ.ಮೀ. ಒಳಗೆ ಬಿದ್ದದ್ದರಿಂದ ಮೈಸೂರಿನವರು ಬೆಂಗಳೂರಿನ ನೌಕರಿಗೆ ದಿನವೂ ಹೋಗಿಬರುವ ಹಕ್ಕುದಾರರಾದರು. ಮೈಸೂರಿನಿಂದ ಆಚೆ 25 ಕಿ.ಮೀ. ದೂರದ ನಂಜನಗೂಡಿಗೆ ಅದೇ ನಿಯಮದಲ್ಲಿ ಬಾಗಿಲು ಮುಚ್ಚಿತು. ಮಿತಿಯ ಒಂದು ಅಂಕಿ ಊರುಗಳ ಭವಿಷ್ಯವನ್ನು ಹೇಗೆ ಬರೆಯುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆಯೂ ಇದೆ. ತಿಂಗಳ ಆದಾಯ 1500 ರೂಪಾಯಿ ಮೀರದ ಅಸಂಘಟಿತ ಕಾರ್ಮಿಕರಿಗೆ 25 ರೂಪಾಯಿಗೆ ‘ಇಜ್ಜತ್’ ಪಾಸು ಕೊಡುವುದಾಗಿ 2009ರ ರೈಲ್ವೆ ಬಜೆಟ್ ಹೇಳಿದಾಗ ಅದರ ಮಿತಿ 100 ಕಿ.ಮೀ. ಇತ್ತು. ಮೈಸೂರಿನ ಕೂಲಿಯವರಿಗೆ ಅದು ರಾಮನಗರ ದಾಟುತ್ತಿದ್ದಂತೆ ಮುಗಿದುಹೋಗುತ್ತಿತ್ತು. 2012ರಲ್ಲಿ ಮಿತಿ 150ಕ್ಕೆ ಏರಿದ ಮೇಲೆಯೇ ಬೆಂಗಳೂರು ಅವರ ಕೈಗೆ ಎಟುಕಿದ್ದು.

ಪಾಸನ್ನು ಐಷಾರಾಮಿ ಹಡಗುಗಳು ತಮ್ಮ ಕಾಯಂ ಗಿರಾಕಿಗಳಿಗೆ ಕೊಡುವ ಸವಲತ್ತಿನೊಂದಿಗೆ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಶುರುಮಾಡಿದ ಮೈಲಿ ಲೆಕ್ಕದ ಯೋಜನೆಯ ಜಾಡಿನಲ್ಲೇ ಹಡಗು ಕಂಪನಿಗಳೂ ನಡೆದವು. ರಾಯಲ್ ಕೆರಿಬಿಯನ್ ಕಂಪನಿಯ ಕ್ರೌನ್ ಅಂಡ್ ಆ್ಯಂಕರ್ ಸೊಸೈಟಿಯಲ್ಲಿ ಹಡಗಿನಲ್ಲಿ ಕಳೆದ ಒಂದು ರಾತ್ರಿಗೆ ಒಂದು ಅಂಕ. ದುಬಾರಿ ಸ್ವೀಟ್‌ನಲ್ಲಿ ಮಲಗಿದರೆ ಎರಡು. ಗೋಲ್ಡ್, ಪ್ಲಾಟಿನಂ, ಎಮರಾಲ್ಡ್, ಡೈಮಂಡ್ ಎಂದು ಮೆಟ್ಟಿಲು ಹತ್ತಿ, 700 ಅಂಕ ಕೂಡಿದವರು ತುತ್ತತುದಿ ಮುಟ್ಟುತ್ತಾರೆ. ಅಂಚೆ ಚೀಟಿ ಕೂಡಿಹಾಕುವ ಹುಡುಗನಿಗಿರುವ ಹುರುಪನ್ನೇ ದೊಡ್ಡವರಲ್ಲಿ ಹುಟ್ಟಿಸುವ ಏರ್ಪಾಡು ಇದು. ಇದರಲ್ಲಿ ಮೋಸವೇನೂ ಇಲ್ಲ, ಆದರೆ ಇದರ ಗುರಿ ಬೇಡದ ಪ್ರಯಾಣವನ್ನೂ ಬೇಕೆನಿಸುವಂತೆ ಮಾಡುವುದು. ನಮ್ಮಲ್ಲೂ 2008ರಲ್ಲಿ ಹಳಿಗಿಳಿದ ಗೋಲ್ಡನ್ ಚಾರಿಯಟ್ ಇದೆ. ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜವಂಶಗಳ ಹೆಸರು ಹೊತ್ತ ಬೋಗಿಗಳು, 44 ಕೋಣೆಗಳು, ಊಟದ ಮನೆ, ಸ್ಪಾ. ನೆಲದ ಮೇಲಿನ ವಿಹಾರ ನೌಕೆಯೇ ಸರಿ. ಮೈಸೂರು ಅದರ ದಾರಿಯ ಮುಖ್ಯ ನಿಲುಗಡೆ. ಆದರೆ ಅದು ಮೈಸೂರನ್ನು ತೋರಿಸುತ್ತದೆ, ಪಾಸು ಮೈಸೂರನ್ನು ಸಾಕುತ್ತದೆ. ಪಾಸಿನಲ್ಲಿ ಅಂಕವಿಲ್ಲ, ಮೆಟ್ಟಿಲಿಲ್ಲ. ಮೊದಲ ತಿಂಗಳಿನವನಿಗೂ ಮೂವತ್ತು ವರ್ಷದ ಹಳಬನಿಗೂ ಒಂದೇ ದರ, ಒಂದೇ ಬೆಂಚು.

ಮೆಟ್ಟಿಲುಗಳನ್ನು ರೈಲ್ವೆ ಕೊಡದಿದ್ದರೂ ಪ್ರಯಾಣಿಕರು ತಮ್ಮದೇ ಒಂದು ಲೋಕ ಕಟ್ಟಿಕೊಂಡರು. 1940ರಲ್ಲಿ ಎಚ್.ಎ.ಎಲ್. ಹುಟ್ಟಿ, ಮುಂದೆ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಬೆಳೆದು, ವಿಧಾನಸೌಧ ಎದ್ದಮೇಲೆ ಬೆಂಗಳೂರಿನಲ್ಲಿ ಸಂಬಳ, ಮೈಸೂರಿನಲ್ಲಿ ಮನೆ ಎಂಬ ಬದುಕಿಗೆ ಅರ್ಥ ಬಂತು. ದಿನವೂ ‘ಅಪ್ ಅಂಡ್ ಡೌನ್’ ಮಾಡುವವರೆಂದರೆ ಊರಿನಲ್ಲಿ ಗುರುತಿಸುವ ಒಂದು ಜಾತಿಯೇ ಆಯಿತು. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಯಾವ ಬೋಗಿ ಬೆಂಗಳೂರಿನಲ್ಲಿ ಮೇಲ್ಸೇತುವೆಯ ಹತ್ತಿರ ನಿಲ್ಲುತ್ತದೆ, ಕೆಂಗೇರಿಯಲ್ಲಿ ಇಳಿದರೆ ಯಾರಿಗೆ ಲಾಭ, ಮಂಡ್ಯದಲ್ಲಿ ಹತ್ತುವ ಗೆಳೆಯನಿಗೆ ಜಾಗ ಹಿಡಿದಿಡುವುದು ಹೇಗೆ: ಇವೆಲ್ಲ ಹೊಸಬರಿಗೆ ಹಳಬರು ಕಲಿಸುವ ಪಾಠ. ಮೊಣಕಾಲಿನಿಂದ ಮೊಣಕಾಲಿಗೆ ಟವೆಲು ಹಾಸಿದರೆ ಇಸ್ಪೀಟಿಗೆ ಮೇಜು ಸಿದ್ಧ. ಹಸಿವಿಗೆ ಮದ್ದೂರು ವಡೆ. ಆಯುಧಪೂಜೆ ಬಂದರೆ ಬೋಗಿಗೆ ಮಾವಿನ ತೋರಣ, ಬಾಳೆಕಂದು. ಎಂಜಿನ್ನಿಗೆ ಹೂವಿನ ಹಾರ, ಬೂದುಗುಂಬಳಕಾಯಿ. ತಮ್ಮ ಕಾರಿಗೆ ಮಾಡುವ ಪೂಜೆಯನ್ನು ಸರ್ಕಾರದ ರೈಲಿಗೆ ಮಾಡುವ ಮಮತೆಯನ್ನು ಯಾವ ಪ್ಲಾಟಿನಂ ಕಾರ್ಡೂ ಹುಟ್ಟಿಸಲಾರದು. ಕಾಯಂ ಗಿರಾಕಿಯ ನಿಷ್ಠೆ ಎಂಬುದೊಂದಿದ್ದರೆ ಅದು ಇದು.

ಇದಕ್ಕೆ ಬರುವ ಮೊದಲ ಆಕ್ಷೇಪ: ಪಾಸು ನಿಷ್ಠೆಗೆ ಕೊಟ್ಟ ಬಹುಮಾನವಲ್ಲ, ತೆರಿಗೆದಾರರ ದುಡ್ಡಿನ ಸಬ್ಸಿಡಿ. ಸಬ್ಸಿಡಿ ಹೌದು, ಆದರೆ ಬರೀ ದಾನವಲ್ಲ. ಪಾಸಿನವರು ಮುಂಗಡ ದುಡ್ಡು ಕಟ್ಟುತ್ತಾರೆ, ದಿನವೂ ಕೌಂಟರಿನ ಮುಂದೆ ಸಾಲು ನಿಲ್ಲುವುದಿಲ್ಲ, ಮಳೆ ಬರಲಿ ರಜೆ ಬರಲಿ ಕಟ್ಟಿದ ಹಣ ವಾಪಸು ಕೇಳುವುದಿಲ್ಲ. ರೈಲಿನಲ್ಲಿ ಬರುವ ಒಬ್ಬೊಬ್ಬ ನೌಕರನೂ ರಸ್ತೆಯಿಂದ ಒಂದೊಂದು ವಾಹನ ತಗ್ಗಿಸುತ್ತಾನೆ. 2020ರ ಮಾರ್ಚ್ ಇನ್ನೂ ಗಟ್ಟಿಯಾದ ಪುರಾವೆ ಕೊಟ್ಟಿತು. ಕೊರೊನಾ ಕಾರಣಕ್ಕೆ ಹಿರಿಯ ನಾಗರಿಕರ ರಿಯಾಯಿತಿಯೂ ಹೋಯಿತು, ರೈಲುಗಳು ನಿಂತು ಪಾಸೂ ಹೋಯಿತು. ರೈಲುಗಳು ‘ವಿಶೇಷ’ ಎಂಬ ಹೆಸರಿನಲ್ಲಿ ಮರಳಿದಾಗ ಪಾಸು ಕೂಡಲೇ ಮರಳಲಿಲ್ಲ. ನಿತ್ಯದ ಪ್ರಯಾಣಿಕರು ಪಟ್ಟು ಹಿಡಿದ ಮೇಲೆ 2021ರಲ್ಲಿ ಹಂತ ಹಂತವಾಗಿ ಬಂತು. ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50ರಷ್ಟಿದ್ದ ಹಿರಿಯರ ರಿಯಾಯಿತಿ ಮಾತ್ರ ಹಿಂದಿನ ರೂಪದಲ್ಲಿ ಮರಳಲಿಲ್ಲ. ಕೃಪೆಯಾಗಿ ಕೊಟ್ಟದ್ದನ್ನು ಸದ್ದಿಲ್ಲದೆ ಹಿಂದೆಗೆಯಬಹುದು. ಸಾವಿರಾರು ಸಂಬಳಗಳು ನಿಂತಿರುವ ಏರ್ಪಾಡನ್ನು ಹಾಗೆ ಹಿಂದೆಗೆಯಲಾಗದು.

ಎರಡನೆಯ ಆಕ್ಷೇಪ ಹೆಚ್ಚು ನ್ಯಾಯವಾದದ್ದು. ಪಾಸಿನವರು ಕಾಯ್ದಿರಿಸಿದ ಬೋಗಿಗೆ ನುಗ್ಗುತ್ತಾರೆ, ಟಿಕೆಟ್ ಇದ್ದವರನ್ನೇ ‘ಸ್ವಲ್ಪ ಸರೀರಿ’ ಎನ್ನುತ್ತಾರೆ, ಗುಂಪು ಕಟ್ಟಿಕೊಂಡು ದರ್ಬಾರು ಮಾಡುತ್ತಾರೆ ಎಂಬ ದೂರು ಸುಳ್ಳಲ್ಲ. ದೂರದಿಂದ ಬರುವ ಕುಟುಂಬಕ್ಕೆ ಇದು ಹಿಂಸೆ. ಆದರೆ ತಪ್ಪಿನ ಬೇರು ಎಲ್ಲಿದೆ ಎಂದು ನೋಡಬೇಕು. ಪಾಸು ಮಾರುವುದಕ್ಕೆ ಮಿತಿಯಿಲ್ಲ, ಪಾಸಿನವರು ಕೂರುವ ಜನರಲ್ ಬೋಗಿಗಳಿಗೆ ಮಾತ್ರ ಮಿತಿಯಿದೆ. ಒಬ್ಬೊಬ್ಬರ ಒರಟುತನಕ್ಕೆ ದಂಡ ಹಾಕುವುದು ಸರಿ, ಆದರೆ ಕೊಟ್ಟ ಹಕ್ಕಿಗೆ ತಕ್ಕ ಜಾಗ ಕೊಡದೆ ಹಕ್ಕುದಾರರನ್ನು ಕಳ್ಳರಂತೆ ಕಾಣುವುದು ಸರಿಯಲ್ಲ.

ಮೂರನೆಯ ಮಾತು ಮೈಸೂರಿನ ಅಭಿಮಾನಿಗಳದು: ಪಾಸು ಈ ಊರನ್ನು ಬೆಂಗಳೂರಿನ ಮಲಗುವ ಕೋಣೆ ಮಾಡಿತು, ಇಲ್ಲಿ ಕೈಗಾರಿಕೆ ಬೆಳೆಯದಂತೆ ತಡೆಯಿತು. ಚರಿತ್ರೆ ಇದಕ್ಕೆ ತದ್ವಿರುದ್ಧ. ಅಧಿಕಾರ ಬೆಂಗಳೂರಿಗೆ ಹೋದದ್ದು ರೈಲು ಬರುವುದಕ್ಕೆ ಐವತ್ತು ವರ್ಷ ಮೊದಲು. ಪಾಸು ಇಲ್ಲದಿದ್ದರೆ ಆ ನೌಕರರು ಮೈಸೂರಿನಲ್ಲಿ ಕಾರ್ಖಾನೆ ಕಟ್ಟುತ್ತಿರಲಿಲ್ಲ. ಸಂಸಾರ ಸಮೇತ ಬೆಂಗಳೂರಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಅವರ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಓದಿದ್ದು, ಅವರ ಸಂಬಳ ದೇವರಾಜ ಮಾರುಕಟ್ಟೆಯಲ್ಲಿ ಖರ್ಚಾದದ್ದು, ತಂದೆತಾಯಿ ಒಂಟಿಯಾಗದೆ ಉಳಿದದ್ದು ಆ ಕಾಗದದ ಬಲದಿಂದ. ಇನ್ನು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ರೈಲನ್ನು ಹಿಂದಿಕ್ಕಿತು ಎನ್ನುವವರಿದ್ದಾರೆ. ಅದು ಕಾರಿದ್ದವರ ಮಾತು. ಆ ವರ್ಷದ ಆಗಸ್ಟ್‌ನಿಂದ ಬೈಕು, ಆಟೊಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಕಾರಿಗೆ ಟೋಲು ಕಟ್ಟಬೇಕು. ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಂಗಸರಿಗೆ ಸಾಮಾನ್ಯ ಬಸ್ಸುಗಳನ್ನು ಉಚಿತ ಮಾಡಿತು, ನಿಜ. ಆದರೆ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ಒಡಲಿಗೇ ಕೊಂಡೊಯ್ಯುವುದರಲ್ಲಿ ರೈಲಿಗೆ ಬಸ್ಸು ಸಮನಲ್ಲ.

ಹಳಿಗಾಗಿ ನಾವು ಮಾಡಿದ ಖರ್ಚು ಸಣ್ಣದಲ್ಲ. 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂತು. ಜೋಡಿ ಹಳಿಗೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡೀ ಕಟ್ಟಡವಾಗಿಯೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಲಾಯಿತು. ಹೀಗೆ ಅಗಲವಾದ ದಾರಿಯಲ್ಲಿ 2022ರ ನವೆಂಬರ್‌ನಿಂದ ವಂದೇ ಭಾರತ್ ಓಡುತ್ತಿದೆ. ಆದರೆ ಶತಾಬ್ದಿಯಲ್ಲಿ ನಡೆಯದ ಪಾಸು ಅದರಲ್ಲೂ ನಡೆಯುವುದಿಲ್ಲ. ವೇಗದ ರೈಲು ಬೇಡವೆಂದು ಯಾರೂ ಹೇಳುವುದಿಲ್ಲ. ಹೊಸ ರೈಲುಗಳು ಮೇಲಿನ ದರ್ಜೆಗೇ ಸೇರುತ್ತ ಹೋಗಿ, ಜನರಲ್ ಬೋಗಿಗಳು ಇದ್ದಷ್ಟೇ ಉಳಿದರೆ ಮಾತ್ರ ಸವಲತ್ತಿನ ಅಳತೆ ಮತ್ತೆ ಸಲೂನಿನ ಕಾಲಕ್ಕೆ ಜಾರುತ್ತದೆ. ಆದ್ದರಿಂದ ಮೈಸೂರಿನ ಜನಪ್ರತಿನಿಧಿಗಳು ಹೊಸ ರೈಲಿಗೆ ಹಸಿರು ಬಾವುಟ ತೋರಿಸುವ ಮೊದಲು ಎರಡು ಬೇಡಿಕೆಯನ್ನು ಕೈಯಲ್ಲಿಟ್ಟುಕೊಳ್ಳಲಿ: ಬೆಳಗಿನ ಮತ್ತು ಸಂಜೆಯ ರೈಲುಗಳಿಗೆ ಇನ್ನಷ್ಟು ಜನರಲ್ ಬೋಗಿ, ಮತ್ತು ನಂಜನಗೂಡಿನವರನ್ನೂ ಒಳಗೊಳ್ಳುವಷ್ಟು ಪಾಸಿನ ದೂರ.