ತೂಕವನ್ನು ತೀರ್ಮಾನಿಸುವ ಒಂದು ಸಂಖ್ಯೆಯ ಚರಿತ್ರೆ

ಆಸ್ಪತ್ರೆಗೆ ಹೋದಾಗ ನಮ್ಮ ತೂಕ ಮತ್ತು ಎತ್ತರವನ್ನು ಅಳೆದು ಬಿಎಂಐ ಎಂಬ ಸಂಖ್ಯೆಯನ್ನು ಬರೆದುಕೊಡುತ್ತಾರೆ. ಅದನ್ನು ಕಂಡು ಕೆಲವರು ನಿಶ್ಚಿಂತರಾಗುತ್ತಾರೆ, ಕೆಲವರು ಕುಗ್ಗಿಹೋಗುತ್ತಾರೆ. ಅದು ಯಾರನ್ನು ಅಳೆಯಲು ಹುಟ್ಟಿತೆಂದು ನಾವು ಕೇಳುವುದು ವಿರಳ.

ಅದರ ಮೂಲ ವೈದ್ಯಶಾಸ್ತ್ರದಲ್ಲಿಲ್ಲ. 1796ರಲ್ಲಿ ಘೆಂಟ್ ನಗರದಲ್ಲಿ ಜನಿಸಿದ ಅಡಾಲ್ಫ್ ಕೆಟ್ಲೆ ಗಣಿತಜ್ಞರು, ಖಗೋಳ ವಿಜ್ಞಾನಿ. ಖಗೋಳ ವೀಕ್ಷಣೆಯ ಲೆಕ್ಕಾಚಾರವನ್ನು ಅವರು ಮಾನವ ಸಮಾಜಕ್ಕೆ ಅನ್ವಯಿಸಿ ‘ಸರಾಸರಿ ಮನುಷ್ಯ’ನನ್ನು ಅರಸಿದರು. ವಯಸ್ಕರ ತೂಕವು ಸುಮಾರಾಗಿ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು 1835ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಅವರ ದೃಷ್ಟಿ ಜನಸಮೂಹದ ಮೇಲಿತ್ತೇ ಹೊರತು ಯಾರೊಬ್ಬರ ಬೊಜ್ಜಿನ ಮೇಲೂ ಇರಲಿಲ್ಲ.

1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಮಿಕ್ಕ ಪುರುಷರನ್ನು ಪರಿಶೀಲಿಸಿ, ಈ ಸೂತ್ರಕ್ಕೆ ಇಂದಿನ ಹೆಸರನ್ನಿತ್ತರು. ಆ ಅಧ್ಯಯನದಲ್ಲಿ ಸ್ತ್ರೀಯರಿರಲಿಲ್ಲ. ಆ ಐದು ದೇಶಗಳಲ್ಲಿ ಭಾರತವೂ ಇರಲಿಲ್ಲ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯು 25ರಿಂದ ಅಧಿಕ ತೂಕ, 30ರಿಂದ ಬೊಜ್ಜು ಎಂದು ಗೆರೆ ಎಳೆಯಿತು.

ಆದರೆ ಅದೇ ಬಿಎಂಐ ಇರುವ ಯುರೋಪಿಯನ್ನರಿಗಿಂತ ಭಾರತೀಯರ ದೇಹದಲ್ಲಿ, ವಿಶೇಷವಾಗಿ ಹೊಟ್ಟೆಯ ಭಾಗದಲ್ಲಿ, ಕೊಬ್ಬು ಹೆಚ್ಚು. ಸಕ್ಕರೆ ಕಾಯಿಲೆಯೂ ಕಡಿಮೆ ತೂಕದಲ್ಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ 2004ರಲ್ಲಿ ಆ ಸಂಸ್ಥೆಯ ತಜ್ಞರು ಏಷ್ಯಾದ ಜನರಿಗೆ 23ರಿಂದಲೇ ಎಚ್ಚರಿಕೆ ಅಗತ್ಯವೆಂದರು.

ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ದೊರೆಯುತ್ತದೆ. 160 ಸೆಂ.ಮೀ. ಎತ್ತರ, 62 ಕಿಲೋ ತೂಕವಿದ್ದರೆ 62 ÷ 2.56, ಅಂದರೆ ಸುಮಾರು 24.2. ಹಳೆಯ ಗೆರೆಯಂತೆ ಇವರು ಸುರಕ್ಷಿತರು. ನಮ್ಮ ಗೆರೆಯಂತೆ ಅಲ್ಲ. ‘ನಾನೇನೂ ದಪ್ಪಗಿಲ್ಲ’ ಎಂಬ ಸಮಾಧಾನವು ಎಷ್ಟೋ ಮನೆಗಳಲ್ಲಿ ಕಾಯಿಲೆಯನ್ನು ಮರೆಮಾಚುತ್ತದೆ.

ಈ ಸಂಖ್ಯೆಯು ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸಲಾರದು. ಮಕ್ಕಳಿಗೂ ಗರ್ಭಿಣಿಯರಿಗೂ ಈ ಗೆರೆಗಳು ಸಲ್ಲವು. ಆದುದರಿಂದ ಸೊಂಟದ ಸುತ್ತಳತೆಯನ್ನೂ ನೋಡೋಣ: ಭಾರತೀಯ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂ.ಮೀ. ಮಿತಿ. ತೂಕ ಇಳಿಸುತ್ತಿರುವವರು ದಿನದಿನದ ಏರಿಳಿತಕ್ಕೆ ಕಂಗೆಡಬೇಕಿಲ್ಲ. ಅದು ಬಹುಪಾಲು ನೀರಿನದು. ವಾರಕ್ಕೊಮ್ಮೆ, ಬೆಳಗ್ಗೆ ಬರಿಹೊಟ್ಟೆಯಲ್ಲಿ, ಒಂದೇ ಯಂತ್ರದಲ್ಲಿ ತೂಗಿ ಬರೆದಿಟ್ಟು, ತಿಂಗಳುಗಳ ದಿಕ್ಕನ್ನು ಗಮನಿಸಿದರೆ ಸಾಕು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಸಂತೋಷಪಡದೆ ವೈದ್ಯರನ್ನು ಕಾಣಬೇಕು.

ಸಮೂಹವನ್ನು ಅಳೆಯಲು ಹುಟ್ಟಿದ ಈ ಸಂಖ್ಯೆಯಿಂದ ಮನೆಯ ಮಗಳನ್ನೋ ಸೊಸೆಯನ್ನೋ ಹಂಗಿಸುವುದು ಸಲ್ಲದು. ವೈದ್ಯರೊಡನೆ ಮಾತು ಆರಂಭಿಸಲು ಮಾತ್ರ ಅದನ್ನು ಬಳಸೋಣ.